ಅಪ್‌ಡೇಟ್: ಮಳೆಗಾಲದಲ್ಲಿ ಮಕ್ಕಳ ಹಿಟ್ಟಿನ ಗೊಂಬೆ ಒಣಗುತ್ತಿಲ್ಲ ಅಂದಿದ್ದೆನಲ್ಲ

ಮೂಡಿಗೆರೆಯ ಈ ಮಳೆಯಲ್ಲಿ ಮೈದಾ, ಉಪ್ಪು ಕಲಸಿ ಮಾಡಿದ ಗೊಂಬೆಗಳು ಒಣಗದೆ ಅಂಟಂಟಾಗುತ್ತಿವೆ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಫ್ಯಾನ್ ಕೆಳಗೆ ಇಟ್ಟು ಪ್ರಯೋಜನ ಆಗಲಿಲ್ಲ. ಒಲೆ ಪಕ್ಕ ಇಟ್ಟವು ಒಣಗಿದವು, ಆದರೆ ಬೆಳಗಾಗುವಷ್ಟರಲ್ಲಿ ಮತ್ತೆ ಮೆತ್ತಗಾದವು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಕಡೆ ಗಾಳಿಯೆಲ್ಲ ತೇವವೇ, ಅಲ್ವಾ?

ಕೈ ಹಿಡಿದದ್ದು "ಒಣಗಿಸೋದೇ ಬೇಡ, ಹಿಟ್ಟನ್ನ ಬೇಯಿಸಿ ಮೆತ್ತಗೇ ಇಟ್ಕೊಳ್ಳಿ" ಅಂದವರ ಸಲಹೆ. 1 ಕಪ್ ಮೈದಾ, ಅರ್ಧ ಕಪ್ ಉಪ್ಪು, 1 ಕಪ್ ನೀರು, 1 ದೊಡ್ಡ ಚಮಚ ಎಣ್ಣೆ, 2 ದೊಡ್ಡ ಚಮಚ ನಿಂಬೆರಸ. ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಮೊದಲು ಗಂಜಿ ಥರ ಇರುತ್ತೆ, ಆಮೇಲೆ ಒಮ್ಮೆಲೇ ಬಾಣಲೆ ಬಿಟ್ಟು ಮುದ್ದೆ ಆಗುತ್ತೆ. ಆಗ ಇಳಿಸಿ, ಆರಿದ ಮೇಲೆ ಚೆನ್ನಾಗಿ ನಾದಿ. ಗಾಳಿಯಾಡದ ಡಬ್ಬಿಯಲ್ಲಿಟ್ಟದ್ದು ಇನ್ನೂ ಮೆತ್ತಗಿದೆ.

ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್ ರಸ ಹಾಕಿದೆವು. ಅರಿಶಿನ ಮೆತ್ತಿದ ಕೈಯನ್ನ ಮಗಳು ಸೋಪು ಹಾಕಿ ತೊಳೆದಳು, ಕೈಯೆಲ್ಲ ಕೆಂಪಾಗಿಬಿಟ್ಟಿತು! ಆರತಿ ನೀರಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗೋದಿಲ್ವಾ, ಸೋಪಿನ ಕ್ಷಾರವೂ ಅದೇ ಕೆಲಸ ಮಾಡುತ್ತೆ. ನಿಂಬೆರಸ ಸವರಿದರೆ ಮತ್ತೆ ಹಳದಿ. ಈಗ ಗೊಂಬೆಗಿಂತ ಇದೇ ಆಟ ಜಾಸ್ತಿ.

ಒಂದು ಮಾತು. ಇದರಲ್ಲಿ ಉಪ್ಪು ತುಂಬಾ ಇದೆ, ಮಕ್ಕಳು ಬಾಯಿಗೆ ಹಾಕದ ಹಾಗೆ ಪಕ್ಕದಲ್ಲೇ ಕೂತಿರಿ. ಮನೇಲಿ ನಾಯಿ ಇದ್ದರೆ ಅದಕ್ಕೂ ಸಿಗಬಾರದು, ಇಷ್ಟು ಉಪ್ಪು ಅದರ ಪಾಲಿಗೆ ವಿಷ.