ಇದ್ದಿಲು ಗ್ರಿಲ್‌ನಲ್ಲಿ ನೀರಿನ ಟ್ರೇ ಇಟ್ಟರೂ ಮಾಂಸ ಒಣಗುತ್ತಿದೆ, ಶಾಖವೂ ಏರುತ್ತಿಲ್ಲ

ಪ್ರಶ್ನೆ

ನನ್ನ ಬಳಿ 57 ಸೆಂಟಿಮೀಟರ್ ಅಗಲದ, ಮುಚ್ಚಳವುಳ್ಳ ದುಂಡನೆಯ ಇದ್ದಿಲು ಗ್ರಿಲ್ ಇದೆ. ನೇರ ಕೆಂಡದ ಮೇಲೆ ಬೇಗನೆ ಸುಡುವ ಅಡುಗೆಯಲ್ಲಿ ನನಗೆ ತೊಂದರೆಯಿಲ್ಲ. ಆದರೆ ಎರಡೂವರೆ ಕಿಲೋ ತೂಕದ, ಮೂಳೆಸಹಿತವಾದ ಕುರಿಯ ಭುಜದ ತುಂಡನ್ನು ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಲು ಹೊರಟಾಗ ಮೂರು ಸಲವೂ ಕೈಸುಟ್ಟುಕೊಂಡಿದ್ದೇನೆ.

ಮಾಂಸ ಒಣಗಬಾರದೆಂದು ಮೂರು ಲೀಟರ್ ಹಿಡಿಯುವ ಅಲ್ಯೂಮಿನಿಯಂ ಟ್ರೇಯಲ್ಲಿ ನೀರು ತುಂಬಿ, ಅದನ್ನು ಮಾಂಸದ ನೇರ ಕೆಳಗೆ, ಕೆಂಡದ ಪಕ್ಕದಲ್ಲಿ ಇಡುತ್ತೇನೆ. ನನಗೆ ಬೇಕಾದದ್ದು 115 ಡಿಗ್ರಿ ಸೆಲ್ಸಿಯಸ್. ಆದರೆ ಮೊದಲ ಎರಡು ಗಂಟೆ ಮುಚ್ಚಳದ ಥರ್ಮಾಮೀಟರ್ 95ರ ಆಸುಪಾಸಿನಲ್ಲೇ ತೆವಳುತ್ತದೆ. ಮಾಂಸದ ಒಳಗಿನ ಶಾಖ 68ಕ್ಕೆ ಬಂದು ಮೂರು ಗಂಟೆಗೂ ಹೆಚ್ಚು ಅಲ್ಲೇ ನಿಂತಿತು. ತಾಳ್ಮೆಗೆಟ್ಟು ಇದ್ದಿಲು ಸುರಿದಾಗ ಗ್ರಿಲ್ ಒಮ್ಮೆಲೇ 170ಕ್ಕೆ ಹಾರಿತು. ಒಳಗಿನ ಶಾಖ 78 ಮುಟ್ಟಿದಾಗ ಹೊರತೆಗೆದೆ. ಮಾಂಸ ಒಣಗಿ ನಾರಾಗಿತ್ತು. ಹೊರಮೈ ಮಾತ್ರ ತೊಯ್ದಂತೆ ಮೆತ್ತಗಿದ್ದು, ಅದರ ಮೇಲೆ ಕಹಿಯಾದ ಕಪ್ಪು ಕಲೆಗಳಿದ್ದವು. ನೀರು ಸಾಲದೇ ಹೀಗಾಯಿತೇ? ಎರಡನೆಯ ಟ್ರೇ ಇಡಬೇಕೇ?

ಮೊದಲ ಉತ್ತರ

ಎರಡನೆಯ ಟ್ರೇ ಬೇಡ. ನೀವು ಹೇಳಿದ ಲಕ್ಷಣಗಳಲ್ಲಿ ನೀರಿನ ಕೊರತೆಯಿಂದ ಆದದ್ದು ಒಂದೂ ಇದ್ದಂತಿಲ್ಲ. ಖಚಿತವಾಗಿ ಹೇಳುವ ಮೊದಲು ನಾಲ್ಕು ವಿಷಯ ತಿಳಿಯಬೇಕು: ಮೇಲಿನ ಗಾಳಿಕಿಂಡಿ ಎಷ್ಟು ತೆರೆದಿತ್ತು, ಟ್ರೇಗೆ ಹಾಕಿದ ನೀರು ತಣ್ಣಗಿತ್ತೇ ಬಿಸಿಯಾಗಿತ್ತೇ, ಕೊನೆಯಲ್ಲಿ ಟ್ರೇಯಲ್ಲಿ ಎಷ್ಟು ನೀರು ಉಳಿದಿತ್ತು, ಮತ್ತು ಜಾಲರಿಯ ಮಟ್ಟದಲ್ಲಿ ಶಾಖವನ್ನು ಎಂದಾದರೂ ಅಳೆದಿದ್ದೀರೇ?

ಪ್ರಶ್ನೆ ಕೇಳಿದವರು

ಹಬೆ ಹೊರಗೆ ಹೋಗದಿರಲೆಂದು ಮೇಲಿನ ಕಿಂಡಿಯನ್ನು ಬಹುತೇಕ ಮುಚ್ಚಿದ್ದೆ. ಕೆಳಗಿನದು ಅರ್ಧ ತೆರೆದಿತ್ತು. ನೀರು ನೇರ ನಲ್ಲಿಯದು, ತಣ್ಣಗಿತ್ತು. ಎಂಟು ಗಂಟೆಯ ನಂತರವೂ ಟ್ರೇಯಲ್ಲಿ ಅರ್ಧ ಲೀಟರ್‌ಗಿಂತ ಹೆಚ್ಚು ನೀರು ಇಳಿದಿರಲಿಲ್ಲ. ಮೇಲೆ ಬೆರಳ ದಪ್ಪದ ಕೊಬ್ಬು ತೇಲುತ್ತಿತ್ತು. ಜಾಲರಿಯ ಮಟ್ಟದಲ್ಲಿ ಅಳೆದಿಲ್ಲ.

ಮೊದಲ ಉತ್ತರ ನೀಡಿದವರು

ಈಗ ಚಿತ್ರ ಸ್ಪಷ್ಟವಾಯಿತು. ಹಬೆಯನ್ನು ಹಿಡಿದಿಡಲು ಹೋಗಿ ನೀವು ಹೊಗೆಯನ್ನು ಹಿಡಿದಿಟ್ಟಿದ್ದೀರಿ.

ಇದ್ದಿಲು ಉರಿಯಬೇಕಾದರೆ ಕೆಳಗಿನಿಂದ ಗಾಳಿ ಬರುತ್ತಿರಬೇಕು, ಮೇಲಿನಿಂದ ಹೋಗುತ್ತಿರಬೇಕು. ಹೋಗುವ ದಾರಿ ಮುಚ್ಚಿದರೆ ಬರುವ ದಾರಿ ತೆರೆದಿದ್ದೂ ಪ್ರಯೋಜನವಿಲ್ಲ. ಕೆಂಡ ಉಸಿರುಗಟ್ಟುತ್ತದೆ, ಶಾಖ ಏರುವುದಿಲ್ಲ, ಅರೆಬೆಂದ ಹೊಗೆ ಒಳಗೇ ಸುತ್ತುತ್ತದೆ. ಆ ಹೊಗೆ ಮತ್ತು ಆವಿ ಮುಚ್ಚಳದ ಒಳಮೈಗೆ ತಗುಲಿ ಹನಿಗಟ್ಟುತ್ತವೆ, ಹನಿಗಳು ಅಲ್ಲಿನ ಮಸಿಯನ್ನು ಕರಗಿಸಿಕೊಂಡು ಮಾಂಸದ ಮೇಲೆ ಬೀಳುತ್ತವೆ. ನೀವು ಕಂಡ ಕಹಿ ಕಲೆಗಳು ಅವೇ. ಆದ್ದರಿಂದ ಮೇಲಿನ ಕಿಂಡಿಯನ್ನು ಪೂರ್ತಿ ಅಥವಾ ಮುಕ್ಕಾಲು ಪಾಲು ತೆರೆದಿಟ್ಟು, ಶಾಖವನ್ನು ಕೆಳಗಿನ ಕಿಂಡಿಯಿಂದ ಮಾತ್ರ ನಿಯಂತ್ರಿಸಿ. ಹಬೆ ಹೊರಹೋಗುತ್ತದೆ, ಹೋಗಲಿ. ಟ್ರೇಯಿಂದ ಹೊಸದು ಏಳುತ್ತಲೇ ಇರುತ್ತದೆ.

ಇನ್ನು ತಣ್ಣೀರಿನ ವಿಷಯ. ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ಏರಿಸಲು ಸುಮಾರು 315 ಕಿಲೋಜೂಲ್ ಶಾಖ ಬೇಕು. ಮೂರು ಲೀಟರ್‌ಗೆ ಅದರ ಮೂರರಷ್ಟು. ಮಂದವಾಗಿ ಉರಿಯುವ ಸಣ್ಣ ಕೆಂಡದ ರಾಶಿ ಅಷ್ಟನ್ನೂ ಮೊದಲು ನೀರಿಗೆ ಕೊಟ್ಟು, ಉಳಿದದ್ದರಲ್ಲಿ ಮಾಂಸವನ್ನು ಕಾಯಿಸಬೇಕು. ಮೊದಲ ಎರಡು ಗಂಟೆ 95ರಲ್ಲೇ ತೆವಳಿದ್ದಕ್ಕೆ ಗಾಳಿಯಷ್ಟೇ ಇದೂ ಕಾರಣ. ಕುದಿಯುವ ನೀರನ್ನೇ ಟ್ರೇಗೆ ಹಾಕಿದರೆ ಈ ಹೊರೆ ಒಲೆಯ ಮೇಲೆ ಬೀಳುತ್ತದೆ, ಗ್ರಿಲ್ ಮೇಲಲ್ಲ.

ನೀರಿನ ದೊಡ್ಡ ಗುಣ ಇರುವುದೂ ಇದೇ ಲೆಕ್ಕದಲ್ಲಿ. ಕಾದ ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಸುಮಾರು 2,260 ಕಿಲೋಜೂಲ್ ಬೇಕು, ಅಂದರೆ ಕಾಯಿಸಿದ್ದರ ಏಳು ಪಟ್ಟು. ಅಷ್ಟನ್ನು ನುಂಗುತ್ತಲೂ ಅದರ ಶಾಖ 100 ದಾಟುವುದಿಲ್ಲ. ಹಾಗಾಗಿ ಕೆಂಡ ಒಮ್ಮೆ ಜೋರಾದರೂ ಹೆಚ್ಚಿನ ಶಾಖದ ಒಂದು ಪಾಲನ್ನು ಟ್ರೇ ಹೀರಿಕೊಂಡು ಏರಿಳಿತವನ್ನು ತಗ್ಗಿಸುತ್ತದೆ. ಮಂದ ಅಡುಗೆಯಲ್ಲಿ ನೀರಿನ ಟ್ರೇ ಇಡುವುದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ; ತೇವ ಎರಡನೆಯದು. ನೀರು ಮಾಂಸದ ಒಳಗೆ ಹೋಗುವುದೇ ಇಲ್ಲ. ಗಾಳಿ ತೇವವಾಗಿದ್ದರೆ ಹೊರಮೈ ಅಕಾಲದಲ್ಲಿ ಒಣಗಿ ಚಕ್ಕೆಯಾಗುವುದು ತಪ್ಪುತ್ತದೆ, ತೇವದ ಮೈಗೆ ಹೊಗೆಯ ಪರಿಮಳವೂ ಚೆನ್ನಾಗಿ ಹತ್ತುತ್ತದೆ, ಅಷ್ಟೇ. ಇದ್ದಿಲು ಬಹುಪಾಲು ಇಂಗಾಲವಾದ್ದರಿಂದ ಉರಿಯುವಾಗ ತೀರಾ ಕಡಿಮೆ ನೀರಾವಿ ಕೊಡುತ್ತದೆ. ಗ್ಯಾಸ್ ಜ್ವಾಲೆ ಹಾಗಲ್ಲ, ಅದು ಉರಿದಾಗಲೇ ನೀರಾವಿ ಹುಟ್ಟುತ್ತದೆ. ಇದ್ದಿಲು ಬಳಸುವವರು ಟ್ರೇಗೆ ಮೊರೆಹೋಗುವುದಕ್ಕೆ ಅದೂ ಒಂದು ಕಾರಣ.

ನಿಮ್ಮ ಟ್ರೇ ಈ ಎರಡನೆಯ ಕೆಲಸವನ್ನು ಮಾಡಿಯೇ ಇಲ್ಲ. ಕೆಂಡದ ಮೇಲಲ್ಲದೆ ಪಕ್ಕದಲ್ಲಿದ್ದ ನೀರು ಸರಿಯಾಗಿ ಕಾಯಲಿಲ್ಲ, ಅಲ್ಪಸ್ವಲ್ಪ ಏಳಬೇಕಿದ್ದ ಆವಿಯನ್ನೂ ಮೇಲೆ ಕಟ್ಟಿದ ಕೊಬ್ಬಿನ ಪದರ ಮುಚ್ಚಳದಂತೆ ತಡೆಯಿತು. ಎಂಟು ಗಂಟೆಯಲ್ಲಿ ಅರ್ಧ ಲೀಟರ್ ಇಳಿದದ್ದು ಅದಕ್ಕೆ ಸಾಕ್ಷಿ. ಎರಡು ಕೆಲಸಕ್ಕೆ ಎರಡು ಪಾತ್ರೆ ಬಳಸಿ: ಮಾಂಸದ ಕೆಳಗೆ ಕೊಬ್ಬು ಹಿಡಿಯಲು ಒಂದು ಲೋಟದಷ್ಟು ನೀರಿರುವ ತಗ್ಗಾದ ತಟ್ಟೆ, ಆವಿಗಾಗಿ, ಕೆಂಡದ ಮೇಲಿನ ಜಾಲರಿಯ ಭಾಗದಲ್ಲಿ, ಒಂದೂವರೆ ಲೀಟರ್ ಬಿಸಿನೀರಿನ ಅಗಲವಾದ ಪಾತ್ರೆ. ಆವಿಯ ಪ್ರಮಾಣವನ್ನು ನಿರ್ಧರಿಸುವುದು ನೀರಿನ ಆಳವಲ್ಲ, ಅದರ ಮೇಲ್ಮೈಯ ಅಗಲ ಮತ್ತು ಅದಕ್ಕೆ ತಾಗುವ ಶಾಖ.

68 ಡಿಗ್ರಿಯಲ್ಲಿ ನಿಂತದ್ದು ದೋಷವಲ್ಲ. ದೊಡ್ಡ ತುಂಡು ಸಾಮಾನ್ಯವಾಗಿ 65ರಿಂದ 75ರ ನಡುವೆ ಎಲ್ಲೋ ಒಂದು ಕಡೆ ತಂಗುತ್ತದೆ. ಮೈಯಿಂದ ಆರುವ ನೀರು ಒಳಬರುವ ಶಾಖದಷ್ಟೇ ಶಾಖವನ್ನು ಒಯ್ಯುತ್ತಿರುತ್ತದೆ, ಬೆವರು ನಮ್ಮ ಮೈಯನ್ನು ತಂಪಾಗಿಸುವಂತೆ. ನಿಮ್ಮ ಗ್ರಿಲ್ 95ರಲ್ಲಿದ್ದುದರಿಂದ ಆ ತಂಗುವಿಕೆ ದೀರ್ಘವಾಯಿತು. ನಿಜವಾದ ತಪ್ಪು 78ರಲ್ಲಿ ಹೊರತೆಗೆದದ್ದು. ಭುಜದಂತಹ, ಸದಾ ದುಡಿಯುವ ಸ್ನಾಯುವಿನಲ್ಲಿ ಕೊಲಾಜನ್, ಅಂದರೆ ನಾರುಗಳನ್ನು ಬಿಗಿದಿಡುವ ಗಟ್ಟಿ ಪ್ರೋಟೀನ್, ಹೆಚ್ಚು. ಅದು 70 ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ, ಆ ಜೆಲಾಟಿನ್ನೇ ಬಾಯಿಗೆ ರಸಭರಿತ ಎನಿಸುವುದು. 78ರಲ್ಲಿ ನಾರುಗಳು ತಮ್ಮ ನೀರನ್ನು ಹಿಂಡಿ ಹಾಕಿರುತ್ತವೆ, ಕೊಲಾಜನ್ ಇನ್ನೂ ಕರಗಿರುವುದಿಲ್ಲ. ಎರಡರ ನಡುವಿನ ಅತಿ ಕೆಟ್ಟ ಘಳಿಗೆ ಅದು. 90ರಿಂದ 95ರವರೆಗೆ ಬಿಡಿ, ಪ್ರೋಬ್ (ಥರ್ಮಾಮೀಟರ್‌ನ ಚುಚ್ಚುವ ಕಡ್ಡಿ) ತಡೆಯಿಲ್ಲದೆ ಒಳಗಿಳಿದಾಗ ಮಾತ್ರ ತೆಗೆಯಿರಿ.

ಎರಡನೆಯವರ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಭಿನ್ನಾಭಿಪ್ರಾಯದೊಂದಿಗೆ. ಶಾಖವನ್ನು ಸ್ಥಿರವಾಗಿಡುವುದೇ ಉದ್ದೇಶವಾದರೆ ಟ್ರೇಗೆ ಒಣಮರಳು ತುಂಬಿ ಮೇಲೆ ಫಾಯಿಲ್ ಹೊದಿಸಿದರೆ ಸಾಕು. ಮತ್ತೆ ಮತ್ತೆ ತುಂಬುವ ಗೋಳಿಲ್ಲ, ಹೊರಪದರವೂ ಗರಿಯಾಗಿ ಕಟ್ಟುತ್ತದೆ. ನಾನು ನೀರನ್ನು ಬಿಟ್ಟು ಬಹಳ ಕಾಲವಾಯಿತು.

ಮೊದಲ ಉತ್ತರ ನೀಡಿದವರು

ಮರಳು ಒಳ್ಳೆಯದೇ, ಆದರೆ ಅದಕ್ಕೆ 100 ಡಿಗ್ರಿಯ ಕಟ್ಟುಪಾಡಿಲ್ಲ. ಕೆಂಡ ಜೋರಾದರೆ ಮರಳೂ ಕಾಯುತ್ತಲೇ ಹೋಗುತ್ತದೆ, ಕಾದ ಮೇಲೆ ಬೇಗ ತಣಿಯುವುದೂ ಇಲ್ಲ. ಕಿಂಡಿಗಳ ಹದ ಕೈಗೆ ಹತ್ತಿದವರಿಗೆ ಅದು ಸರಿ; ಒಂದೇ ಏಟಿಗೆ 170 ಕಂಡವರಿಗೆ ಸದ್ಯಕ್ಕೆ ನೀರೇ ಇರಲಿ. ಹೊರಪದರದ ವಿಷಯದಲ್ಲಿ ನಿಮ್ಮ ಮಾತು ನಿಜ. ಅದಕ್ಕಾಗಿಯೇ ಕೊನೆಯ ಒಂದೆರಡು ಗಂಟೆ ಆವಿಯ ಪಾತ್ರೆಯನ್ನು ತುಂಬದೆ ಬಿಡುವುದು ವಾಸಿ. ಕೋಳಿಯಾದರೆ ಆವಿಯ ಪಾತ್ರೆಯನ್ನೇ ಇಡುವುದಿಲ್ಲ; ತೇವದಲ್ಲಿ ಚರ್ಮ ರಬ್ಬರಿನಂತಾಗುತ್ತದೆ, ಕೋಳಿಗೆ ಇಷ್ಟು ದೀರ್ಘ ಕಾಲವೂ ಬೇಕಿಲ್ಲ.

ಟ್ರೇಗೆ ಹಣ್ಣಿನ ರಸ, ಮಸಾಲೆ, ಸೊಪ್ಪು ಹಾಕುವ ಸಲಹೆ ನಿಮಗೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ನಾನೂ ಬಹಳ ದಿನ ಹಾಕಿದೆ. ಅಂಗಳ ಘಮಘಮಿಸಿತು, ಮಾಂಸದಲ್ಲಿ ಅದರ ಸುಳಿವೂ ಸಿಗಲಿಲ್ಲ. ಸಕ್ಕರೆಯ ಅಂಶ ಮಾತ್ರ ತಳಕ್ಕೆ ಹತ್ತಿ ಸೀದು, ಪಾತ್ರೆ ಉಜ್ಜುವ ಕೆಲಸ ಹೆಚ್ಚಾಯಿತು. ಮಾಂಸದಲ್ಲಿ ರಸ ಉಳಿಯಬೇಕಾದರೆ ಹಿಂದಿನ ರಾತ್ರಿಯೇ ತೂಕದ ನೂರಕ್ಕೆ ಒಂದರಷ್ಟು ಉಪ್ಪು ಸವರಿ ಫ್ರಿಜ್‌ನಲ್ಲಿಡಿ. ಟ್ರೇಗಿಂತ ಆ ಉಪ್ಪೇ ಹೆಚ್ಚು ಉಪಕಾರಿ.

ಒಂದು ಎಚ್ಚರಿಕೆ. ಕೊಬ್ಬಿನ ತಟ್ಟೆ ಪೂರ್ತಿ ಒಣಗಲು ಬಿಡಬೇಡಿ, ಕಾದ ಕೊಬ್ಬಿಗೆ ಬೆಂಕಿ ಹತ್ತಬಹುದು. ಹತ್ತಿದರೆ ಅದಕ್ಕೆ ನೀರನ್ನು ಖಂಡಿತ ಸುರಿಯಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಕೊಬ್ಬನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮುಚ್ಚಳ ಹಾಕಿ ಎರಡೂ ಕಿಂಡಿಗಳನ್ನು ಮುಚ್ಚಿಬಿಡಿ.

ಪ್ರಶ್ನೆ ಕೇಳಿದವರು

ನಾಲ್ಕನೆಯ ಪ್ರಯತ್ನ ಮುಗಿಯಿತು. ಮೇಲಿನ ಕಿಂಡಿ ಪೂರ್ತಿ ತೆರೆದು, ಕೆಳಗಿನದನ್ನು ಕಾಲುಭಾಗಕ್ಕಿಳಿಸಿ, ಕುದಿಯುವ ನೀರನ್ನೇ ಹಾಕಿದೆ. ಜಾಲರಿಯ ಮೇಲೆ ಮಾಂಸದ ಪಕ್ಕ ಇಟ್ಟ ಪ್ರೋಬ್ ಅರ್ಧ ಗಂಟೆಯಲ್ಲಿ 116 ತೋರಿಸಿತು, ಆಮೇಲೆ 112 ಮತ್ತು 124ರ ನಡುವೆಯೇ ಇತ್ತು. ಅದೇ ಹೊತ್ತಿನಲ್ಲಿ ಮುಚ್ಚಳದ ಥರ್ಮಾಮೀಟರ್ ಹದಿನೈದು ಡಿಗ್ರಿ ಹೆಚ್ಚು ಹೇಳುತ್ತಿತ್ತು. ಹಾಗಾದರೆ ಹಿಂದಿನ ಸಲ 95 ಎಂದುಕೊಂಡದ್ದು ಮಾಂಸದ ಬಳಿ ಇನ್ನೂ ಕಡಿಮೆಯೇ ಇತ್ತೆಂದು ತೋರುತ್ತದೆ. ಮಾಂಸ 71ರಲ್ಲಿ ಒಂದೂವರೆ ಗಂಟೆ ತಂಗಿತು, ಏನೂ ಮಾಡದೆ ಕಾದೆ. ಏಳು ಗಂಟೆ ಕಳೆದಾಗ 93 ಮುಟ್ಟಿತು, ಮೂಳೆ ಕೈಯಲ್ಲೇ ಕಳಚಿ ಬಂತು. ಕಪ್ಪು ಕಲೆಗಳಿಲ್ಲ.

ಒಂದೇ ತೊಂದರೆ ಉಳಿದಿದೆ. ನಡುವೆ ಆವಿಯ ಪಾತ್ರೆಗೆ ನೀರು ತುಂಬುವಾಗ ಸ್ವಲ್ಪ ಕೆಂಡದ ಮೇಲೆ ಚೆಲ್ಲಿ, ಬೂದಿ ಎದ್ದು ಮಾಂಸದ ಒಂದು ಬದಿಗೆ ಕೂತಿತು. ಮುಚ್ಚಳ ತೆರೆದಿದ್ದರಿಂದ ಕೆಂಡವೂ ಜೋರಾಯಿತು.

ಮೊದಲ ಉತ್ತರ ನೀಡಿದವರು

ಉದ್ದ ಕೊಕ್ಕಿನ ಕೆಟಲ್‌ನಿಂದ, ಪಾತ್ರೆಯ ಅಂಚಿಗೆ ತಾಗಿಸಿ, ಕುದಿಯುವ ನೀರನ್ನು ನಿಧಾನವಾಗಿ ಹರಿಸಿ. ಪಾತ್ರೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಮುಚ್ಚಳವನ್ನು ಮೊದಲು ನಿಮ್ಮಿಂದ ಆಚೆ ಬದಿ ತೆರೆಯುವಂತೆ ಓರೆ ಮಾಡಿ, ಒಳಗಿನ ಹಬೆ ಹೊರಟ ಮೇಲೆ ಕೈ ಹಾಕಿ. ಇದ್ದಿಲು ಸೇರಿಸುವ ಹೊತ್ತಿಗೇ ನೀರನ್ನೂ ತುಂಬಿದರೆ ಎರಡು ಸಲ ತೆರೆಯುವುದು ತಪ್ಪುತ್ತದೆ. ತೆರೆದಾಗ ಕೆಂಡ ಜೋರಾಗುವುದು ಸಹಜ. ಮುಚ್ಚಿದ ಮೇಲೆ ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ, ಅದನ್ನು ನೋಡಿ ಕೆಳಗಿನ ಕಿಂಡಿಯನ್ನು ಮುಟ್ಟಲು ಹೋಗಬೇಡಿ.