ನೂರೋ, ಮುನ್ನೂರೋ?

ಮನೆ 17 (ರಾತ್ರಿ 11:48): ಸಭೆ ಮುಗಿಸಿ ಈಗಷ್ಟೇ ಊಟ ಮಾಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ತಿಂಗಳ ವಂತಿಗೆ "ನೂರು" ಜಾಸ್ತಿ ಅಂತ ಕೇಳಿಸಿತು, ಕೈ ಎತ್ತಿದೆ. ಮನೆಗೆ ಬಂದರೆ ನಮ್ಮ ಮನೆಯವರು ಹೇಳುತ್ತಾರೆ, ಅದು "ಮುನ್ನೂರು" ಅಂತೆ! ಮುಂದಿನ ಸಾಲಿನವರಿಗೆ ಮಾತ್ರ ಸಭೆಯಾ? ಮಾತೆಲ್ಲ ಗುಂಯ್ ಅನ್ನುವ ಆ ಹಾಲ್ ಸರಿ ಆಗುವವರೆಗೂ ಒಂದು ಪೈಸೆ ಕೊಡುವುದಿಲ್ಲ.

ಮೂಲೆಮನೆ ಅಕ್ಕ: ನನಗೂ ನೂರು ಅಂತಲೇ ಕೇಳಿಸಿತ್ತು ರೀ.

ಗಿರಣಿ ಕಾಕಾ: ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಮಾತು ಏಳು ಸಲ ಕೇಳುತ್ತದಂತೆ. ನಮ್ಮಲ್ಲಿ ಎಂಟು, ಟಿಕೆಟ್ ಇಲ್ಲ 😀

ಮಾಜಿ ಅಧ್ಯಕ್ಷರು: ಹಾಲ್ ಕಟ್ಟಿಸಿದ್ದು ನಾನು. ಆಗ ಏನೂ ತೊಂದರೆ ಇರಲಿಲ್ಲ. ಕಡಪಾ ಕಲ್ಲು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿದವರನ್ನು ಕೇಳಿ.

ಕಾರ್ಯದರ್ಶಿ: ಟೈಲ್ಸ್‌ಗೆ ಸಹಿ ಹಾಕಿದ್ದು ತಾವೇ ಸಾಹೇಬ್ರ. ಫೈಲ್ ನನ್ನ ಹತ್ತಿರ ಇದೆ.

ಮಾಜಿ ಅಧ್ಯಕ್ಷರು: ಫೈಲ್ ಬೇರೆ, ಸತ್ಯ ಬೇರೆ. ದೊಡ್ಡ ಸ್ಪೀಕರ್ ಬಾಕ್ಸ್ ಎರಡು ತಂದಿಟ್ಟರೆ ಕೆಲಸ ಮುಗಿಯಿತು.

ಮೈಕ್‌ಸೆಟ್ ತಮ್ಮ: ಕಡಪಾ ಆದರೇನು, ಟೈಲ್ಸ್ ಆದರೇನು, ಎರಡೂ ಸದ್ದು ನುಂಗುವುದಿಲ್ಲ ಸರ್. ಬಾಕ್ಸ್ ದೊಡ್ಡದಾದರೆ ಗದ್ದಲವೂ ದೊಡ್ಡದು. ನಿನ್ನೆ ಎಲ್ಲರೂ ಹೋದ ಮೇಲೆ ಚಪ್ಪಾಳೆ ತಟ್ಟಿ ಎಣಿಸಿದೆ. ಸದ್ದು ಸಾಯಲು ನಾಲ್ಕು ಸೆಕೆಂಡ್! ಮಾತು ತಿಳಿಯಬೇಕಾದರೆ ಒಂದು ಸೆಕೆಂಡಿನ ಆಸುಪಾಸು ಇರಬೇಕು. ಇಲ್ಲದಿದ್ದರೆ ಹಿಂದಿನ ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬೀಳುತ್ತದೆ. ನಿಮ್ಮ "ಮುನ್" ಹೋಗಿದ್ದು ಅದರಡಿಯಲ್ಲೇ.

ಮನೆ 17: ಮೊಟ್ಟೆ ಟ್ರೇ ಅಂಟಿಸಿದರೆ ಆಗುತ್ತದಂತೆ ಹೌದಾ?

ಮೈಕ್‌ಸೆಟ್ ತಮ್ಮ: ಅದು ತೆಳು ರಟ್ಟು. ಜಿರಲೆಗೆ ಮನೆ ಆಗುತ್ತದೆ ಅಷ್ಟೇ. ಎರಡಿಂಚು ದಪ್ಪದ ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಎಳೆಗಳ ಹಾಳೆಗೆ ಬಟ್ಟೆ ಸುತ್ತಿ, ಚಾವಣಿಗೆ ಅಂಟಿಸದೆ ಸ್ವಲ್ಪ ಕೆಳಗೆ ತೂಗುಬಿಡಬೇಕು. ಹಿಂದೆ ಖಾಲಿ ಜಾಗ ಇದ್ದರೆ ದಪ್ಪ ಸದ್ದನ್ನೂ ಹಿಡಿಯುತ್ತದೆ. ಹಾಲ್ 60 ಅಡಿಗೆ 40. ಅರ್ಧ ಚಾವಣಿ ಅಂದರೂ 1,200 ಚದರಡಿ. ಅಗ್ಗದ ಫೋಮ್ ಮಾತ್ರ ಬೇಡ, ಬೆಂಕಿ ಹತ್ತಿದರೆ ಗತಿಯಿಲ್ಲ.

ಮೂಲೆಮನೆ ಅಕ್ಕ: ನವಲಗುಂದದ ಜಮಖಾನೆ ಗೋಡೆಗೆ ಹಾಕಿದರೆ? ನಮ್ಮ ಅತ್ತೆಯವರದು ಟ್ರಂಕಿನಲ್ಲಿ ಎರಡಿವೆ.

ಮೈಕ್‌ಸೆಟ್ ತಮ್ಮ: ಚಂದ ಕಾಣುತ್ತದೆ ಅಕ್ಕಾರ. ಚೂಪು ಸದ್ದು ಸ್ವಲ್ಪ ತಗ್ಗುತ್ತದೆ. ಗುಂಯ್ ಅನ್ನುವುದು ಉಳಿಯುತ್ತದೆ.

ಮಾಜಿ ಅಧ್ಯಕ್ಷರು: ಗಂಗೂಬಾಯಿ ಹಾನಗಲ್ ಇದ್ದ ಊರು ನಮ್ಮ ಹುಬ್ಬಳ್ಳಿ. ಅವರು ಹಾಡುವಾಗ ರಾಕ್‌ವೂಲ್ ಇತ್ತಾ?

ಮಾಸ್ತರ್: ಹಂಚಿನ ಮಾಡು ಇತ್ತು, ಗಾದಿ ಇತ್ತು. ಸುಮ್ನೆ ಕೂತು ಕೇಳುವ ಜನ ಇದ್ದರು.

ಮನೆ 9: 🌞 ಶುಭೋದಯ 🌞 ಮಾತು ಬೆಳ್ಳಿ, ಮೌನ ಬಂಗಾರ. ಹನ್ನೊಂದು ಜನರಿಗೆ ಕಳಿಸಿ.

ಮಾಜಿ ಅಧ್ಯಕ್ಷರು: ಇದು ಯಾರಿಗೆ ಹೇಳಿದ್ದು?

ಮನೆ 9: ಫಾರ್ವರ್ಡ್ ಸರ್, ಫಾರ್ವರ್ಡ್.

ಕಾರ್ಯದರ್ಶಿ: ಭಾನುವಾರ 10ಕ್ಕೆ ಹಾಲ್ ಅಳತೆ. ಟೇಪ್ ಯಾರು ತರುತ್ತೀರಿ?

ಮಾಜಿ ಅಧ್ಯಕ್ಷರು: ಮೊದಲು ಖರ್ಚು ಯಾರದು ಹೇಳಿ. ಮುನ್ನೂರರಲ್ಲೇನು?

ಮನೆ 17: ನೂರು!

ಮನೆ 31: ನೀರು!! ನೀರು ಬಂತು!

ಮೂಲೆಮನೆ ಅಕ್ಕ: ಎಲ್ಲಿ? ನಮ್ಮ ಕಡೆ ಒಂದು ಹನಿ ಇಲ್ಲ. ಕೊಡ ಹಿಡಿದು ನಿಂತಿದ್ದೇನೆ.

ಗಿರಣಿ ಕಾಕಾ: ಮೂರನೇ ಕ್ರಾಸ್‌ನಲ್ಲಿ ಯಾರೋ ನಲ್ಲಿಗೇ ಮೋಟರ್ ಹಚ್ಚಿದ್ದಾರೆ. ಸದ್ದು ನನ್ನ ಅಂಗಳಕ್ಕೆ ಬರುತ್ತಿದೆ.

ಮನೆ 17: ಅದು ಮಾತ್ರ ಸ್ಪಷ್ಟ ಕೇಳಿಸುತ್ತದೆ ನೋಡಿ.

ಮಾಜಿ ಅಧ್ಯಕ್ಷರು: ಮೋಟರ್ ಹಚ್ಚಿದವರ ಹೆಸರು ಗುಂಪಿನಲ್ಲಿ ಹಾಕಿ.

ಮೂಲೆಮನೆ ಅಕ್ಕ: ಮೂರನೇ ಕ್ರಾಸ್‌ನಲ್ಲಿ ತಮ್ಮ ಮನೆಯೂ ಇದೆಯಲ್ಲ ರೀ.

ಕಾರ್ಯದರ್ಶಿ: ಜಗಳ ಬೇಡ. ಭಾನುವಾರ 10ಕ್ಕೆ ಎಲ್ಲರೂ ಹಾಲ್‌ಗೆ ಬನ್ನಿ. ಮೋಟರ್ ವಿಷಯ ಅಲ್ಲೇ ಕೂತು ಮಾತಾಡೋಣ.