ಏಳನೇ ತಿಂಗಳಲ್ಲಿ ಜಾರಿ ಬಿದ್ದರೆ: ರಕ್ತ ಹೋಗಿಲ್ಲ ಅಂದರೆ ಕಾಯಬಹುದಾ?

ಪ್ರಶ್ನೆ
ತಂಗಿಗೆ 30 ವಾರ. ಬೆಳಿಗ್ಗೆ ಬಚ್ಚಲಲ್ಲಿ ಕಾಲು ಜಾರಿ ಧೊಪ್ಪಂತ ಕೂತುಬಿಟ್ಟಳು. ರಕ್ತ ಹೋಗಿಲ್ಲ, ಮಗು ಒದೀತಿದೆ. ನಾಡಿದ್ದು ಹೇಗೂ ಚೆಕಪ್ ಇದೆ, ಆಗಲೇ ತೋರಿಸೋಣ ಅಂತಾರೆ ಅಮ್ಮ. ಅವಳದು ಓ ನೆಗೆಟಿವ್.

ಉತ್ತರ 1
ಕಾಯಬೇಡಿ, ಈಗಲೇ ಹೊರಡಿ. ಮೊದಲ 12 ವಾರ ಗರ್ಭಕೋಶ ಸೊಂಟದ ಮೂಳೆಗಳ ಮರೆಯಲ್ಲಿರುತ್ತೆ. 30 ವಾರಕ್ಕೆ ಹೊಕ್ಕುಳ ದಾಟಿ ಮೇಲೆ ಬಂದಿರುತ್ತೆ. ಸುತ್ತಲಿನ ನೀರು ಮಗುವನ್ನೇನೋ ಕಾಯುತ್ತೆ, ಭಯ ಇರೋದು ಮಾಸಿನದು (ಮಗುವಿಗೆ ಪೋಷಣೆ ಕೊಡೋ ಪ್ಲಾಸೆಂಟಾ). ಬಿದ್ದ ರಭಸಕ್ಕೆ ಗರ್ಭಕೋಶ ಹಿಗ್ಗಿ ಕುಗ್ಗುತ್ತೆ, ಮಾಸು ಅಷ್ಟು ಬಗ್ಗಲ್ಲ. ಹಾಗಾಗಿ ಅಂಟಿದ ಜಾಗದಲ್ಲಿ ಬಿಟ್ಟುಕೊಳ್ಳಬಹುದು. ರಕ್ತ ಅದರ ಹಿಂದೆಯೇ ನಿಂತರೆ ಹೊರಗೆ ಒಂದು ಹನಿಯೂ ಕಾಣಲ್ಲ. ಸ್ಕ್ಯಾನಿಂಗ್‌ನಲ್ಲೂ ಎಷ್ಟೋ ಸಲ ಗೊತ್ತಾಗಲ್ಲ.

ಅದಕ್ಕೇ ಸಿಟಿಜಿ ಕೇಳಿ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ: ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಹೊಟ್ಟೆ ಬಿಗಿಯಾಗೋದನ್ನು ಅಳೆಯೋಕೆ. ಕನಿಷ್ಠ 4 ಗಂಟೆ ನೋಡಬೇಕು. ಹತ್ತು ನಿಮಿಷಕ್ಕಿಂತ ಬೇಗಬೇಗ ಹೊಟ್ಟೆ ಗಟ್ಟಿಯಾಗ್ತಿದ್ದರೆ 24 ಗಂಟೆ. ಒಂದು ನಿಮಿಷ ಬಡಿತ ಕೇಳಿಸಿ "ಎಲ್ಲ ಸರಿ ಇದೆ" ಅಂದರೆ ಒಪ್ಪಬೇಡಿ.

ಉತ್ತರ 2
ಓ ನೆಗೆಟಿವ್ ಅನ್ನೋದನ್ನ ಒಳಗೆ ಹೋದ ತಕ್ಷಣ ಹೇಳಿ, ತಾಯಿ ಕಾರ್ಡ್ ತೋರಿಸಿ. ಮಗು ಪಾಸಿಟಿವ್ ಆಗಿದ್ದು ಅದರ ರಕ್ತ ತಾಯಿಗೆ ಸೇರಿದರೆ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತೆ. ಪೆಟ್ಟು ಬೀಳೋದು ಹೆಚ್ಚಾಗಿ ಮುಂದಿನ ಮಗುವಿಗೆ. ಆ ಪ್ರತಿಕಾಯ ಹುಟ್ಟದಂತೆ ತಡೆಯೋ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಆಗಬೇಕು. 300 ಮೈಕ್ರೋಗ್ರಾಂ ಸುಮಾರು 30 ಎಂ.ಎಲ್. ಮಗುವಿನ ರಕ್ತಕ್ಕೆ ಸಾಕು. ಅದಕ್ಕೂ ಹೆಚ್ಚು ಸೇರಿದೆಯಾ ಅಂತ ನೋಡೋಕೆ ತಾಯಿಯ ರಕ್ತದಲ್ಲೇ ಬೇರೆ ಪರೀಕ್ಷೆ ಇದೆ.

ಉತ್ತರ 3
ಕಾರಲ್ಲಿ ಅಂಗಾತ ಮಲಗಿಸಬೇಡಿ, ಎಡಮಗ್ಗುಲಿಗೆ ಒರಗಿಸಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಕೈ ಊರಿ ಬಿದ್ದು ಮಣಿಕಟ್ಟು ಊದಿದ್ದರೆ ಎಕ್ಸ್-ರೇಗೆ ಹೆದರಬೇಡಿ. ಇನ್ನೊಂದು ಮಾತು, ಅವಳನ್ನೇ ಕೇಳಿ: ನೆಲ ಜಾರಿತಾ, ತಲೆ ಸುತ್ತಿತಾ? ತಲೆ ಸುತ್ತಿದ್ದರೆ ಬಿಪಿ, ಹಿಮೋಗ್ಲೋಬಿನ್ ನೋಡಿಸಲೇಬೇಕು.

ಪ್ರಶ್ನೆ ಕೇಳಿದವರು
ಹೊರಟಿದ್ದೇವೆ. ಆಂಟಿ-ಡಿ 28ನೇ ವಾರದಲ್ಲಿ ಒಮ್ಮೆ ಆಗಿದೆ. ಮತ್ತೆ ಬೇಕಾ?

ಉತ್ತರ 2
ಸಾಮಾನ್ಯವಾಗಿ ಮತ್ತೆ ಕೊಡ್ತಾರೆ. ಅದು ವಾಡಿಕೆಯ ಡೋಸ್, ಇದು ಬಿದ್ದದ್ದಕ್ಕೆ. ಹಿಂದಿನದರ ತಾರೀಖು ಮರೆಯದೆ ಹೇಳಿ. ಇಲ್ಲದಿದ್ದರೆ ಆ ಇಂಜೆಕ್ಷನ್‌ನಿಂದಲೇ ಕೂಂಬ್ಸ್ ಪರೀಕ್ಷೆ (ತಾಯಿಯ ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡೋದು) ಪಾಸಿಟಿವ್ ಬಂದು ಗೊಂದಲ ಆಗುತ್ತೆ.